ಕೂದಲೆಳೆಯಷ್ಟೂ ಕದಲಿಲ್ಲ

ಅಕ್ಟೋಬರ್ 14

ಪ್ರೀತಿಯ ಅತ್ತೆಗೆ ನಿನ್ನ ಚೂಟಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುತ್ತಿರು.

ಸೇತುವೆಯ ತಪಾಸಣೆಗೆಂದು ಬಂದವಳು ನಿನ್ನ ಕೋಣೆಯಲ್ಲೇ ಉಳಿದುಕೊಂಡಿದ್ದೆನಲ್ಲ, ಬೆಳಗ್ಗೆ ಎದ್ದಾಗ ಚಾವಣಿಯ ಮೇಲೆ ಆಡುತ್ತಿದ್ದ ಹೊಳೆಯ ಬೆಳಕು ಇಲ್ಲಿಗೆ ಬಂದ ಮೇಲೂ ಕಣ್ಣಿಗೆ ಕಟ್ಟಿದಂತಿದೆ. ಚಿಕ್ಕವಳಿದ್ದಾಗ ಅದನ್ನು ಹಿಡಿಯಲು ಹಾಸಿಗೆಯ ಮೇಲೆ ನಿಂತು ಕುಣಿಯುತ್ತಿದ್ದೆ. ನೀನು ಹೊಲಿಗೆ ಯಂತ್ರ ನಿಲ್ಲಿಸಿ ಬೈಯುತ್ತಿದ್ದೆ. ಒಂದು ಕಾಲದಲ್ಲಿ ಸುಂಕದವರಿಗೆಂದು ಸೇತುವೆಯ ತುದಿಯಲ್ಲಿ ಕಟ್ಟಿದ ಆ ಕೋಣೆಯಲ್ಲಿ ಬೆಳೆದವಳು, ಎಂಜಿನಿಯರಾಗಿ ಅದೇ ಸೇತುವೆಯ ನಾಡಿ ಹಿಡಿಯಲು ಬರುತ್ತೇನೆ ಎಂದು ಯಾರಿಗೆ ಗೊತ್ತಿತ್ತು.

ಈಗ ಕೆಲಸದ ಮಾತು. ಕಲ್ಲುಗಳನ್ನೆಲ್ಲ ಸುತ್ತಿಗೆಯಿಂದ ತಟ್ಟಿ ನೋಡಿದೆ, ಬಹುಪಾಲು ಗಟ್ಟಿ ದನಿ ಕೊಟ್ಟವು. ಕಂಬಗಳ ಬುಡದಲ್ಲಿ ನೀರು ಮಣ್ಣು ಕೊರೆದಿಲ್ಲ. ಪಕ್ಕದ ಗೋಡೆಯಲ್ಲಿ ಬೇರು ಬಿಟ್ಟಿದ್ದ ಗಿಡವನ್ನು ಕೀಳಿಸಿದ್ದಾಯಿತು. ಉಳಿದದ್ದು ಒಂದೇ ಚಿಂತೆ, ನಿನ್ನ ಕೋಣೆಯ ಪಕ್ಕದ ಕಮಾನಿನ ಹೊಟ್ಟೆಯಡಿ ಅಡ್ಡಕ್ಕೆ ಹೋಗಿರುವ ಬಿರುಕು. ಅದು ಯಾವಾಗಲೋ ಆಗಿ ಸುಮ್ಮನಾದ ಬಿರುಕೋ, ಇನ್ನೂ ಬೆಳೆಯುತ್ತಿರುವ ಬಿರುಕೋ ಗೊತ್ತಾಗಬೇಕು. ಹಳೆಯದಾದರೆ ಸೇತುವೆ ಉಳಿಯುತ್ತದೆ. ಬೆಳೆಯುತ್ತಿದ್ದರೆ ಪುರಸಭೆಯವರು ಇದನ್ನು ಕೆಡವಿ ಕಾಂಕ್ರೀಟಿನದು ಕಟ್ಟುತ್ತಾರೆ. ನಿನ್ನ ಕೋಣೆಯೂ ಅದರ ಜೊತೆಗೇ ಹೋಗುತ್ತದೆ. ಸುತ್ತಿ ಬಳಸಿ ಹೇಳಿದರೆ ನೀನು ಕಂಡುಹಿಡಿಯುತ್ತೀ, ಅದಕ್ಕೇ ನೇರವಾಗಿ ಬರೆದಿದ್ದೇನೆ.

ಬಿರುಕಿನ ಒಂದೊಂದು ದಡಕ್ಕೆ ಒಂದೊಂದರಂತೆ, ಒಂದರ ಮೇಲೊಂದು ಬರುವ ಹಾಗೆ ಅಂಟಿಸಿ ಬಂದಿರುವ ಗಾಜಿನಂಥ ಪಟ್ಟಿಗಳು ನೆನಪಿವೆಯಲ್ಲ? ಒಂದರ ಮೇಲೆ ಸಾಲಾಗಿ ಕಪ್ಪು ಗೆರೆಗಳು, ಇನ್ನೊಂದರ ಮೇಲೆ ಒಂದೇ ಒಂದು ಕೆಂಪು ಗೆರೆ. ಬಿರುಕು ಕದಲಿದರೆ ಕೆಂಪು ಗೆರೆ ಕಪ್ಪು ಗೆರೆಗಳ ಮೇಲೆ ಸರಿಯುತ್ತದೆ. ವಾರಕ್ಕೊಮ್ಮೆ ಮೆಟ್ಟಿಲಿಳಿದು ಟಾರ್ಚ್ ಬಿಟ್ಟು ನೋಡು, ಆಗಾಗ ಬರೆದು ತಿಳಿಸು. ಫೋನಿನಲ್ಲಿ ಹೇಳಿದ್ದು ಆಫೀಸಿನಲ್ಲಿ ನಡೆಯುವುದಿಲ್ಲ. ಸೂಜಿಗೆ ದಾರ ಪೋಣಿಸಲು ನಮ್ಮತ್ತೆಗೆ ಇವತ್ತಿಗೂ ಕನ್ನಡಕ ಬೇಡ ಎಂದು ಹಿರಿಯ ಎಂಜಿನಿಯರಿಗೆ ಹೇಳಿದೆ. ಅವರು ನಕ್ಕು ಒಪ್ಪಿಕೊಂಡರು.

ಇನ್ನೊಂದು ಮಾತು. ಇಲ್ಲಿ ಒಂದು ಕೋಣೆ ಖಾಲಿ ಇದೆ. ಬೆಳಗಿನ ಬಿಸಿಲು ಬೀಳುತ್ತದೆ. ಸೇತುವೆಯದು ಏನೇ ಆಗಲಿ, ನೀನು ಬಂದು ಇರಬಹುದು.

ನಿನ್ನ ಚೂಟಿ


ಅಕ್ಟೋಬರ್ 30

ಚೂಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕೆಂಪು ಗೆರೆ ನೀನು ಕೂರಿಸಿದ ಕಡೆಯೇ ಕೂತಿದೆ. ಇಷ್ಟು ಹೇಳಲು ಒಂದು ಕಾಗದ ಬೇಕಾ ಅಂತ, ಮೊನ್ನೆ ಕವರು ಕೊಳ್ಳಲು ಹೋದಾಗ ಅಂಚೆಯವಳು ಕೇಳಿದಳು. ಸರ್ಕಾರಿ ಕೆಲಸ, ನಿನಗೆ ಅರ್ಥವಾಗಲ್ಲ ಅಂದೆ. ಅವತ್ತಿನಿಂದ ನನ್ನನ್ನು ಇನ್ಸ್‌ಪೆಕ್ಟರಮ್ಮ ಅಂತ ಕರೆಯಲು ಶುರು ಮಾಡಿದ್ದಾಳೆ.

ಇಷ್ಟು ವರ್ಷ ಈ ಸೇತುವೆಯ ನೆತ್ತಿಯ ಮೇಲೆ ಬದುಕಿದವಳು ಅದರ ಹೊಟ್ಟೆಯಡಿ ಹೋಗಿ ನಿಂತವಳೇ ಅಲ್ಲ ನೋಡು. ಅಲ್ಲಿ ಒಂಥರಾ ತಂಪು. ಮಾತಾಡಿದರೆ ಮಾತು ಮೇಲಕ್ಕೆ ಹೋಗಿ, ಸ್ವಲ್ಪ ಯೋಚನೆ ಮಾಡಿ, ಆಮೇಲೆ ವಾಪಸ್ಸು ಬರುತ್ತದೆ. ನೀರಿನ ಬೆಳಕು ಕಲ್ಲಿನಿಂದ ಕಲ್ಲಿಗೆ ಹರಿದಾಡುತ್ತ ಇರುತ್ತದೆ. ಮೇಲೆ ಲಾರಿ ಹೋದರೆ ಕಲ್ಲುಗಳೆಲ್ಲ ಒಂದಕ್ಕೊಂದು ಭುಜ ಕೊಟ್ಟು ನಿಂತ ಹಾಗೆ ಅನ್ನಿಸುತ್ತದೆ. ಹೋದ ಕೆಲಸ ಮರೆತು ಎಷ್ಟೋ ಹೊತ್ತು ಅಲ್ಲೇ ಕೂತಿರುತ್ತೇನೆ.

ಮೊನ್ನೆ ಮಧ್ಯಾಹ್ನ ಯಂತ್ರದ ಮುಂದೆಯೇ ಜೋಂಪು ಹತ್ತಿತು. ಕನಸಿನಲ್ಲಿ ಸೇತುವೆ ನಿಧಾನಕ್ಕೆ ಎದ್ದು, ಹೊಳೆಗೆ ಬಗ್ಗಿ ನೀರು ಕುಡಿದು, ಮತ್ತೆ ತನ್ನ ಜಾಗದಲ್ಲಿ ಮಲಗಿತು. ನಾನು, ನನ್ನ ಕೋಣೆ, ಎಲ್ಲ ಅದರ ಬೆನ್ನ ಮೇಲೇ ಇದ್ದೆವು, ಬೀಳಲಿಲ್ಲ. ದಾರದ ಉಂಡೆಯೊಂದು ಮಾತ್ರ ಉರುಳಿ ನೀರಿಗೆ ಹೋಯಿತು. ಎದ್ದು ನೋಡಿದರೆ ಉಂಡೆ ಕಾಲಬುಡದಲ್ಲೇ ಇತ್ತು.

ಖಾಲಿ ಕೋಣೆಯ ಮಾತು ತೆಗೆದಿದ್ದೀಯ. ನನ್ನ ಗಂಟುಮೂಟೆ ಕಟ್ಟಿಸುವ ಆಸೆಯಿದ್ದರೆ ಸೇತುವೆಯನ್ನು ನೆಪ ಮಾಡಿಕೊಳ್ಳಬೇಡ. ಗಂಡ ಹೆಂಡತಿ ಇರುವ ಮನೆಯಲ್ಲಿ ಮೂರನೆಯವಳಾಗಿ ಯಂತ್ರ ತುಳಿಯುತ್ತ ಕೂರಲು ನನಗೆ ಮನಸ್ಸಿಲ್ಲ. ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಇನ್ನೂ ನಕ್ಷೆ ಬರೆಯುತ್ತ ಊಟ ಮರೆಯುತ್ತಾರಾ?

ಅತ್ತೆ


ಡಿಸೆಂಬರ್ 8

ಚೂಟಿಗೆ ಆಶೀರ್ವಾದಗಳು.

ಕೂದಲೆಳೆಯಷ್ಟೂ ಕದಲಿಲ್ಲ.

ಚಳಿ ಜೋರಾಗಿದೆ. ಬೆಳಗ್ಗೆ ಮಂಜು ಹೊಳೆಯಿಂದ ಎದ್ದು ಸೇತುವೆಯನ್ನು ಪೂರ್ತಿ ನುಂಗಿಬಿಡುತ್ತದೆ. ಕಿಟಕಿಯಿಂದ ನೋಡಿದರೆ ಈ ತುದಿಯಷ್ಟೇ ಇದೆ, ಆ ತುದಿ ಯಾರೋ ಹೇಳಿದ ಕಥೆಯ ಹಾಗೆ. ಗಿರಾಕಿಗಳು ಅದರೊಳಗಿಂದ ಒಬ್ಬೊಬ್ಬರೇ ಮೂಡಿ ಬರುತ್ತಾರೆ, ಬಟ್ಟೆ ಕೊಟ್ಟು ಮತ್ತೆ ಅದರೊಳಗೇ ಕರಗಿ ಹೋಗುತ್ತಾರೆ. ಅವರ ಅಳತೆ ಮಾತ್ರ ನನ್ನ ಹತ್ತಿರ ಉಳಿಯುತ್ತದೆ.

ಸುಮ್ಮನೆ ಕೇಳುತ್ತಿದ್ದೇನೆ. ಒಂದು ವೇಳೆ ಅರ್ಧ ಗೆರೆ ಸರಿದರೆ ನೀವು ಏನು ಮಾಡುತ್ತೀರಿ?

ಅತ್ತೆ


ಡಿಸೆಂಬರ್ 19

ಪ್ರೀತಿಯ ಅತ್ತೆಗೆ ನಮಸ್ಕಾರಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಕೆಲಸ ಮೈತುಂಬ ಇದೆ, ಅದಕ್ಕೇ ಚುಟುಕಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಅರ್ಧ ಗೆರೆಯಾದರೂ ಸರಿದರೆ ತಕ್ಷಣ ಬರೆ. ಅದನ್ನೇ ನಾವು ಕಾಯುತ್ತಿರುವುದು.

ಖಾಲಿ ಕೋಣೆಗೆ ಬಣ್ಣ ಹೊಡೆಸಿದ್ದೇನೆ. ತಿಳಿ ಹಳದಿ. ಯಂತ್ರ ಕಿಟಕಿಯ ಪಕ್ಕ ಹಿಡಿಯುತ್ತದೆ, ಅಳತೆ ಮಾಡಿ ನೋಡಿದೆ.

ನಿನ್ನ ಚೂಟಿ


ಫೆಬ್ರವರಿ 6

ಚೂಟಿಗೆ ಆಶೀರ್ವಾದಗಳು.

ಕದಲಿಲ್ಲ. ಹೋದ ಸಲ ಬರೆದ ಹಾಗೇ ಇದೆ. ಕಾಯುತ್ತ ಕೂತವರಿಗೆ ಹಾಗಂತ ಹೇಳು.

ಅಳಿಯಂದಿರಿಗೆ ಒಂದು ಉಣ್ಣೆ ಕೋಟು ಹೊಲಿದಿದ್ದೇನೆ, ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ಅಳತೆ ಕೇಳಿದರೆ ಬೇಡ ಅನ್ನುತ್ತೀರಿ ಅಂತ ಕಣ್ಣಂದಾಜಿನಲ್ಲೇ ಕತ್ತರಿಸಿದೆ. ಅವರ ಒಂದು ಭುಜ ಕೊಂಚ ಇಳಿದಿದೆ, ಮೇಜಿನ ಮೇಲೆ ಬಗ್ಗಿ ಬಗ್ಗಿ ಆದದ್ದು. ಹಾಕಿಸಿ ನೋಡಿ ಎಲ್ಲೆಲ್ಲಿ ಹಿಡಿಯುತ್ತದೆ ಅಂತ ಬರೆ, ಸರಿ ಮಾಡಿಕೊಡುತ್ತೇನೆ.

ಈಚೆಗೆ ಕನಸು ಜಾಸ್ತಿ. ಒಂದು ಕನಸಿನಲ್ಲಿ ನಿನ್ನ ಕೆಂಪು ಗೆರೆ ಕೆಂಪು ದಾರವಾಗಿತ್ತು. ಅದು ಎಲ್ಲಿಗೋ ಎಳೆದುಕೊಂಡು ಹೋಗುತ್ತಿತ್ತು, ನಾನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಎದ್ದಾಗ ದವಡೆ ನೋಯುತ್ತಿತ್ತು. ವಯಸ್ಸಾಯಿತು, ಇನ್ನೇನು.

ಅತ್ತೆ


ಮಾರ್ಚ್ 2

ಪ್ರೀತಿಯ ಅತ್ತೆಗೆ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ಕೋಟು ಬಂತು. ಅಚ್ಚು ಹೊಯ್ದ ಹಾಗೆ ಕೂತಿದೆ, ಎಲ್ಲೂ ಹಿಡಿಯುವುದಿಲ್ಲ, ಒಂದು ಹೊಲಿಗೆಯೂ ಬಿಚ್ಚುವುದು ಬೇಡ. ಅವರಿಗೆ ತುಂಬ ಸಂತೋಷವಾಯಿತು.

ಅತ್ತೆ, ಕೆಂಪು ಗೆರೆ ನಿಜವಾಗಿಯೂ ಕದಲಿಲ್ಲವಾ? ಪಟ್ಟಿಗಳನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡು, ಅಂಟು ಬಿಟ್ಟಿದೆಯಾ ಎಂದು. ನಾನೇ ಬಂದು ನೋಡಬೇಕು, ಆಗುತ್ತಿಲ್ಲ.

ನಿನ್ನ ಚೂಟಿ


ಏಪ್ರಿಲ್ 28

ಚೂಟಿಗೆ,

ಪಟ್ಟಿಗಳು ಗಟ್ಟಿಯಾಗಿವೆ. ಕೆಂಪು ಗೆರೆ ಇದ್ದಲ್ಲೇ ಇದೆ. ನನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ ಕಣ್ಣಿರುವವರನ್ನು ನೇಮಿಸಿಕೋ.

ಬಿಸಿಲು ಏರುತ್ತಿದೆ. ಸೇತುವೆಯ ಕಟ್ಟೆ ಸಂಜೆಯವರೆಗೂ ಬೆಚ್ಚಗಿರುತ್ತದೆ, ಮೇಲೆ ಕೈಯಿಟ್ಟುಕೊಂಡು ನಿಂತರೆ ಯಾವುದೋ ದೊಡ್ಡ ಪ್ರಾಣಿಯ ಮೈ ಸವರಿದ ಹಾಗಾಗುತ್ತದೆ.

ಅತ್ತೆ


ಜೂನ್ 9

ಅತ್ತೆ,

ಈ ಕಾಗದ ಬರೆಯಲು ಕೂತು ಕೂತು ಎದ್ದಿದ್ದೇನೆ. ಸೇತುವೆಯ ವರದಿಗೆ ನಿನ್ನೆ ಸಹಿ ಮಾಡಿದೆ. ಮುಂದಿನ ತಿಂಗಳಿನಿಂದ ಸೇತುವೆ ಮುಚ್ಚುತ್ತದೆ. ಕೆಡವುವ ವಿಚಾರ ಪುರಸಭೆಯ ಮುಂದಿನ ಸಭೆಗೆ ಬರುತ್ತದೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡವಾಗಿತ್ತು.

ಕಾರಣವನ್ನೂ ಹೇಳಬೇಕು. ಚಳಿಗಾಲ ಪೂರ್ತಿ ಕಳೆದು ಬೇಸಿಗೆ ಬಂದರೂ ಕೆಂಪು ಗೆರೆ ಒಮ್ಮೆಯೂ ಸರಿದಿಲ್ಲ. ಕಲ್ಲಿನ ಸೇತುವೆ ಹಾಗಿರುವುದಿಲ್ಲ ಅತ್ತೆ. ಚಳಿಗೆ ಕಲ್ಲು ಕುಗ್ಗುತ್ತದೆ, ಬಿರುಕು ಸ್ವಲ್ಪ ಬಾಯಿ ಬಿಡುತ್ತದೆ. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ. ಹೀಗೆ ಹೋಗಿ, ವರ್ಷ ತಿರುಗುವಷ್ಟರಲ್ಲಿ ತನ್ನ ಜಾಗಕ್ಕೆ ವಾಪಸ್ಸು ಬರುವುದೇ ಸೇತುವೆಯ ಆರೋಗ್ಯ. ಹೋದದ್ದು ತಿರುಗಿ ಬರದೆ ಮುಂದೆ ಮುಂದೆ ಹೋಗುತ್ತಿದ್ದರೆ ಭಯ. ಏನೂ ಕದಲದಿದ್ದರೆ ಇನ್ನೂ ಭಯ. ನೀನು ಅಂಟು ಗಟ್ಟಿಯಿದೆ ಎಂದು ಬರೆದೆ. ಹಾಗಾದರೆ ಕಮಾನಿನೊಳಗೆ ಏನೋ ಕಚ್ಚಿಕೊಂಡಿರಬೇಕು, ಒಂದು ದಿನ ಒಮ್ಮೆಲೇ ಬಿಟ್ಟೀತು. ಅದರ ಮೇಲೆ ಲಾರಿ ಬಿಡುವ ಧೈರ್ಯ ನನಗಿಲ್ಲ. ನೀನು ಅಂಗಿ ಹೊಲಿಯುವಾಗ ಕಂಕುಳಲ್ಲಿ ಒಂದು ಬೆರಳು ಸಡಿಲ ಬಿಡುತ್ತೀಯಲ್ಲ, ಕೈ ಎತ್ತಿದರೆ ಹರಿಯಬಾರದು ಎಂದು? ಸೇತುವೆಗೂ ಅಷ್ಟು ಸಡಿಲ ಬೇಕು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ನೋಡುವವರಿಗೆ ಏನು ಕಾಣಬೇಕು ಎಂದು ಹೇಳಬಾರದು, ಹೇಳಿದರೆ ಅವರಿಗೆ ಅದೇ ಕಾಣುತ್ತದೆ, ಇದು ನಮ್ಮ ಆಫೀಸಿನ ಪದ್ಧತಿ. ಪದ್ಧತಿಯಂತೆ ನಡೆದುಕೊಂಡೆ.

ಕೋಣೆ ಸಿದ್ಧವಾಗಿದೆ. ಬಾ ಅತ್ತೆ.

ಇಲ್ಲಿ ನಾವಿಬ್ಬರೂ ಕ್ಷೇಮ.

ಚೂಟಿ


ಜೂನ್ 14

ಚೂಟಿ,

ನಿನ್ನ ಕಾಗದ ಓದಿದೆ. ಕತ್ತರಿ ಅರ್ಧ ಬಟ್ಟೆಯಲ್ಲೇ ನಿಂತಿದೆ, ಇನ್ನೂ ತೆಗೆದಿಲ್ಲ.

ಅದು ಕದಲಿದೆ. ಚಳಿ ಶುರುವಾದಾಗಿನಿಂದ ಎಲ್ಲ ಸಲವೂ ಕದಲಿದೆ. ನಾನೇ ಸುಳ್ಳು ಬರೆದೆ.

‘ಅದನ್ನೇ ನಾವು ಕಾಯುತ್ತಿರುವುದು’ ಅಂತ ಬರೆದಿದ್ದೆಯಲ್ಲ, ಕೆಡವಲು ನೆಪ ಕಾಯುತ್ತಿದ್ದೀರಿ ಅಂದುಕೊಂಡೆ. ಅದರ ಬೆನ್ನಿಗೇ ಬಣ್ಣ ಹೊಡೆಸಿದ ಕೋಣೆ. ಇವಳು ನನ್ನನ್ನು ಇಲ್ಲಿಂದ ಎಬ್ಬಿಸಲು ಸೇತುವೆಯನ್ನೇ ಬೀಳಿಸುತ್ತಾಳೆ ಅಂತ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೂ ಮೊದಲೇ ಒಂದು ಸುಳ್ಳು ಬರೆದಾಗಿತ್ತು, ಹೆದರಿಕೆಗೆ. ಸೇತುವೆಯನ್ನು ಉಳಿಸುತ್ತಿದ್ದೇನೆ ಅಂದುಕೊಂಡು ನಾನೇ ಅದರ ಕುತ್ತಿಗೆಗೆ ಹಗ್ಗ ಬಿಗಿದೆನಲ್ಲೇ.

ಒಂದನ್ನೂ ಬರೆದಿಟ್ಟಿಲ್ಲ. ಆದರೆ ಹೊಲಿದ ಬಟ್ಟೆಯನ್ನು ನಾನು ಮರೆಯುವವಳಲ್ಲ, ಬಟ್ಟೆ ನೆನಪಾದರೆ ಆ ದಿನವೂ ನೆನಪಾಗುತ್ತದೆ. ಬೇಕರಿಯವನ ಮಗಳ ನೀಲಿ ಲಂಗಕ್ಕೆ ಅಂಚು ಹೊಲಿದ ವಾರ, ಡಿಸೆಂಬರ್ ಶುರುವಿನಲ್ಲಿ, ಅರ್ಧ ಗೆರೆ ಹೊಳೆಯ ಕಡೆಗೆ. ಅಂಚೆಯವಳ ಕೋಟಿಗೆ ಉಣ್ಣೆಯ ಒಳಪದರ ಹೊಲಿದಾಗ, ಟಾರ್ಚ್ ಹಿಡಿದ ಬೆರಳು ಮರಗಟ್ಟಿದ ಬೆಳಗ್ಗೆ, ಒಂದು ಗೆರೆ ಪೂರ್ತಿ. ಅಳಿಯಂದಿರ ಕೋಟು ಮುಗಿಸಿದಾಗಲೂ ಅಲ್ಲೇ. ಆಮೇಲೆ ಹಿಂದಕ್ಕೆ ಹೊರಟಿತು. ಶಾಲೆಯ ಪರದೆಗಳನ್ನು ಹೊಲಿಯುವಾಗ ಮತ್ತೆ ಅರ್ಧ. ಮೇ ತಿಂಗಳಲ್ಲಿ ತೆಳು ಹತ್ತಿಯ ಅಂಗಿಗಳು ಬರತೊಡಗಿದಾಗ ಗೆರೆ ನೀನು ಕೂರಿಸಿದ ಜಾಗಕ್ಕೇ ಬಂದು ನಿಂತಿತು. ಅವತ್ತು ಕಮಾನಿನಡಿ ಕೂತು ಕಣ್ಣೀರು ಹಾಕಿದೆ. ಹೋಗೇ ಇಲ್ಲ ಅಂದದ್ದು ವಾಪಸ್ಸು ಬಂತು ಅಂತ ಹೇಗೆ ಬರೆಯಲಿ?

ಇದನ್ನೆಲ್ಲ ನಿಮ್ಮ ಹಿರಿಯ ಎಂಜಿನಿಯರಿಗೆ ತೋರಿಸು. ನನ್ನ ಮಾನ ಹೋದರೆ ಹೋಗಲಿ.

ಈಗ ನಿನ್ನ ಸರದಿ. ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಕಣ್ಣಂದಾಜಿನಲ್ಲಿ ಹೊಲಿದ ಕೋಟು, ಅದೂ ಇಳಿದ ಭುಜದವರಿಗೆ, ಎಲ್ಲೂ ಹಿಡಿಯದೆ ಅಚ್ಚು ಹೊಯ್ದ ಹಾಗೆ ಕೂತಿತು ಅಂತೀಯ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಅಂಥ ಕೋಟನ್ನು ನಾನು ಹೊಲಿದಿಲ್ಲ ಮಗಳೇ. ಆಗ ನಕ್ಕು ಸುಮ್ಮನಾಗಿದ್ದೆ. ಇವತ್ತು ನಿನ್ನ ಕಾಗದ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಎಲ್ಲ ಕಾಗದದಲ್ಲೂ ‘ನಾವಿಬ್ಬರೂ ಕ್ಷೇಮ.’ ಚಳಿಗೂ ಅದೇ, ಬಿಸಿಲಿಗೂ ಅದೇ. ಒಂದು ಜಗಳ ಇಲ್ಲ, ಒಂದು ನೆಗಡಿ ಇಲ್ಲ, ಅವರ ಬಗ್ಗೆ ಒಂದು ದೂರಿಲ್ಲ. ಕೂದಲೆಳೆಯಷ್ಟೂ ಕದಲಿಲ್ಲ.

ಅವರು ಎಲ್ಲಿದ್ದಾರೆ ಚೂಟಿ?

ಅತ್ತೆ


ಜೂನ್ 25

ಅತ್ತೆ,

ಮೊದಲು ಸೇತುವೆಯ ಮಾತು. ನಿನ್ನ ಕಾಗದವನ್ನು ಹಿರಿಯ ಎಂಜಿನಿಯರ ಮುಂದಿಟ್ಟು ನನ್ನ ವರದಿ ವಾಪಸ್ಸು ಕೊಡಿ ಎಂದು ಕೇಳಿದೆ. ಅವರು ನೀಲಿ ಲಂಗದಿಂದ ಹತ್ತಿಯ ಅಂಗಿಯವರೆಗೂ ಓದಿದರು. ಒಂದು ಹಾಳೆಯ ಮೇಲೆ ಅದನ್ನೆಲ್ಲ ಗುರುತು ಹಾಕಿ ಸೇರಿಸಿದರು. ಚಳಿಗೆ ಏರಿ, ಬಿಸಿಲಿಗೆ ಇಳಿದು, ಹೊರಟಲ್ಲಿಗೇ ಬಂದು ಸೇರುವ ಚೆಂದದ ಗೆರೆ. ಆಮೇಲೆ ಹೇಳಿದರು, “ನಿಮ್ಮತ್ತೆ ನೆನಪನ್ನ ನಂಬಿ ಲಾರಿ ಬಿಡೋಕಾಗಲ್ಲ ಕಣಮ್ಮ. ಆದ್ರೆ ಇದನ್ನ ನೋಡಿದ್ಮೇಲೆ ಕೆಡವೋಕೂ ಮನಸ್ಸು ಬರ್ತಿಲ್ಲ.” ಕೆಡವುವ ಮಾತು ಒಂದು ವರ್ಷ ಮುಂದಕ್ಕೆ ಹೋಗಿದೆ. ಅಲ್ಲಿಯವರೆಗೆ ಗಾಡಿಗಳು ಬೇಡ, ನಡೆಯುವವರು ನಡೆಯಲಿ. ಹೊಸ ಪಟ್ಟಿ ಕೂರಿಸಲು ನಾನೇ ಬರುತ್ತೇನೆ. ನೋಡುವವಳು ನೀನೇ, ಆದರೆ ಅಂಚೆಯವಳೂ ಜೊತೆಗೆ ನೋಡಿ ಸಹಿ ಹಾಕಬೇಕು. ಇದನ್ನು ನೀನು ಅವಮಾನ ಎಂದುಕೊಳ್ಳಬಾರದು.

ಈಗ ನೀನು ಕೇಳಿದ ಮಾತು. ಅವರು ಹೋಗಿ ಆಯಿತು. ಅಕ್ಟೋಬರಿನಲ್ಲಿ ನಿನ್ನ ಹತ್ತಿರ ಬಂದಾಗಲೇ ಹೋಗಿಯಾಗಿತ್ತು. ಜಗಳವಾಗಲಿಲ್ಲ, ಅದೇ ಸಂಕಟ. ಬೇರೆ ಊರಿನಲ್ಲಿ ಬೇರೆಯವರ ಜೊತೆ ಇರಬೇಕೆನ್ನಿಸಿದೆ ಎಂದು ಹೇಳಿ, ನಕ್ಷೆಗಳನ್ನು ಸುತ್ತಿಕೊಂಡು, ಮೇಜನ್ನು ಕೂಡ ಒರೆಸಿಟ್ಟು ಹೋದರು. ಖಾಲಿ ಕೋಣೆ ಅಂದದ್ದು ಅದೇ. ನಿನಗೆ ಆಸರೆ ಕೊಡಲು ಕರೆದೆ ಎಂದು ನೀನು ತಿಳಿದೆ. ಆಸರೆ ಬೇಕಾದದ್ದು ನನಗೆ. ನಿನ್ನ ಯಂತ್ರದ ಸದ್ದು ಗೋಡೆಯಾಚೆ ಇದ್ದರೆ ನಿದ್ದೆ ಬಂದೀತು ಅನ್ನಿಸುತ್ತಿತ್ತು.

ಗೆರೆ ಕದಲದೆ ಇದ್ದದ್ದನ್ನು ಕಂಡು ಫೆಬ್ರವರಿಯಲ್ಲೇ ನಾನು ಓಡಿ ಬರಬೇಕಿತ್ತು. ಬೇರೆ ಯಾವ ಸೇತುವೆಯಾಗಿದ್ದರೂ ಹೋಗುತ್ತಿದ್ದೆ. ಅಕ್ಟೋಬರಿನಲ್ಲಿ ಕೆಲಸದ ಮರೆಯಲ್ಲಿ ಹೇಗೋ ತಪ್ಪಿಸಿಕೊಂಡಿದ್ದೆ, ಮತ್ತೆ ಬಂದರೆ ಮುಖ ನೋಡಿದ ತಕ್ಷಣ ನೀನು ಕಂಡುಹಿಡಿಯುತ್ತೀ ಎಂದು ಬರಲಿಲ್ಲ. ಹಾಗೆ ನೋಡಿದರೆ ಸೇತುವೆಯ ಕುತ್ತಿಗೆಯ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತು.

ಕೋಟಿನ ಪಾರ್ಸೆಲ್ಲಿನ ದಾರವನ್ನೇ ನಾನು ಬಿಚ್ಚಿಲ್ಲ. ಬರುವಾಗ ತರುತ್ತೇನೆ. ನನ್ನ ಅಳತೆಗೆ ಮಾಡಿಕೊಡುತ್ತೀಯಾ?

ಇಲ್ಲಿ ನಾನೊಬ್ಬಳೇ.

ಚೂಟಿ


ಡಿಸೆಂಬರ್ 11

ಚೂಟಿಗೆ ಅತ್ತೆಯ ಆಶೀರ್ವಾದಗಳು.

ಮುಕ್ಕಾಲು ಗೆರೆ, ಹೊಳೆಯ ಕಡೆಗೆ. ಅಂಚೆಯವಳು ಕನ್ನಡಕ ಏರಿಸಿ, ಇಳಿಸಿ, ಮುಕ್ಕಾಲಿಗೆ ಒಂದೆಳೆ ಜಾಸ್ತಿ ಅಂದಳು. ವಾದ ಮಾಡಿದೆವು. ಕಮಾನು ನಮ್ಮ ಇಬ್ಬರ ಮಾತನ್ನೂ ಕೇಳಿ, ಯೋಚನೆ ಮಾಡಿ, ನಮಗೇ ತಿರುಗಿಸಿ ಹೇಳಿತು. ಕೊನೆಗೆ ಅವಳ ಲೆಕ್ಕವನ್ನೇ ಬರೆದು ಇಬ್ಬರೂ ಸಹಿ ಹಾಕಿದ್ದೇವೆ, ಹಾಳೆ ಇದರ ಜೊತೆಗಿದೆ. ಗೆರೆ ಸರಿದದ್ದನ್ನು ಕಂಡು ಎದೆ ಹಗುರವಾಯಿತು ಅಂದರೆ ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಲಾರಿಗಳಿಲ್ಲದೆ ಸೇತುವೆ ಮೆತ್ತಗಾಗಿದೆ. ನಡೆಯುವವರ ಹೆಜ್ಜೆ ಬೇರೆ ಬೇರೆಯಾಗಿ ಕೇಳಿಸುತ್ತದೆ, ಬಾಗಿಲು ತೆಗೆಯುವ ಮೊದಲೇ ಯಾರು ಬಂದರು ಅಂತ ಗೊತ್ತಾಗುತ್ತದೆ. ಗಿರಾಕಿಗಳು ಕಡಿಮೆ, ಪರವಾಗಿಲ್ಲ. ಮಂಜು ಮತ್ತೆ ಶುರುವಾಗಿದೆ. ನಿನ್ನೆ ಬೆಳಗ್ಗೆ ಕಿಟಕಿಯಲ್ಲಿ ನಿಂತಿದ್ದಾಗ, ಎಚ್ಚರವೋ ನಿದ್ದೆಯೋ, ಸೇತುವೆ ಒಂದು ಉಸಿರು ಎಳೆದುಕೊಂಡ ಹಾಗೆ ಅನ್ನಿಸಿತು. ಬಿಡಲಿ ಅಂತ ನಾನೂ ಉಸಿರು ಹಿಡಿದು ಕಾದೆ. ನಿಧಾನಕ್ಕೆ ಬಿಡುತ್ತದೆ ಅದು. ಮೇ ತಿಂಗಳಾಗಬೇಕು.

ಕೋಟು ಕಳಿಸಿದ್ದೇನೆ. ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ, ಇಳಿದ ಭುಜ ಈಗ ಅದರಲ್ಲಿಲ್ಲ. ಹಾಕಿಕೊಂಡು ನೋಡಿ ನಿಜ ಬರೆ.

ಅತ್ತೆ


ಡಿಸೆಂಬರ್ 18

ಅತ್ತೆ,

ಇಲ್ಲೂ ಚಳಿ. ಈ ವಾರ ಒಂದು ಗೆರೆ ಪೂರ್ತಿ ಸರಿದಿದ್ದೇನೆ. ಮಂಚದಡಿ ಅವರದೊಂದು ಪೆನ್ಸಿಲ್ ಸಿಕ್ಕಿತು, ಅದಕ್ಕೇ. ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತೋ ನಾನೂ ಬರೆದಿಟ್ಟಿಲ್ಲ, ಆದರೆ ಇದಕ್ಕಿಂತ ಜಾಸ್ತಿಯಿತ್ತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಬಸ್ಸು ಆಚೆ ತುದಿಗೇ ನಿಲ್ಲುತ್ತದಲ್ಲ, ಅಲ್ಲಿಂದ ಸೇತುವೆಯ ಮೇಲೆ ನಡೆದುಕೊಂಡು ಬರುತ್ತೇನೆ. ಕೋಟು ಹಾಕಿಕೊಂಡಿರುತ್ತೇನೆ. ಕಂಕುಳಲ್ಲಿ ಹಿಡಿಯುತ್ತದೆ ಅತ್ತೆ, ಇನ್ನೊಂದು ಬೆರಳು ಸಡಿಲ ಬೇಕು.

ಚೂಟಿ